ಟ್ರಿಪ್ಪರ್ ಬಿದ್ದಾಗಲೆಲ್ಲ ನನ್ನ ಹೆಸರು

"ಸ್ಪಂದನಾ! ಏನ್ ಆಕ್ದೆ?"

ನಮ್ಮ ಮನೆಯಲ್ಲಿ ಕರೆಂಟು ಹೋದರೆ ಮೊದಲು ಕೇಳಿಸುವುದು ಈ ಮಾತು. ದೇವರ ಹೆಸರಲ್ಲ, ಕರೆಂಟಿನವರಿಗೆ ಶಾಪವಲ್ಲ, ನನ್ನ ಹೆಸರು. ನಮ್ಮ ಮಾವ ತಿಮ್ಮಪ್ಪನವರು ಜಗಲಿಯ ಕುರ್ಚಿಯಲ್ಲಿ ಕೂತು ಕೂಗಿದರೆ ಅತ್ತ ದಂಡಿಗನಹಳ್ಳಿಯವರೆಗೂ ಕೇಳಬೇಕು. ನಾನು ಅರ್ಧ ರುಬ್ಬಿದ ಕಾಯಿಚಟ್ನಿಯನ್ನು ಅಲ್ಲೇ ಬಿಟ್ಟು, ಮಿಕ್ಸಿಯ ಪ್ಲಗ್ಗು ಕಿತ್ತು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಹೊರಗೆ ಬರಬೇಕು. ಮಿಕ್ಸಿ ಹಾಕಿರದಿದ್ದರೂ ಬರಬೇಕು. ಹಾಕಿರಲಿಲ್ಲ ಅಂದರೆ ನಂಬುವವರು ಯಾರು?

ಹೊಸ ಮನೆ ಕಟ್ಟಿ ಗೃಹಪ್ರವೇಶ ಆದಮೇಲೆ ಶುರುವಾದ ಕಾಟ ಇದು. ಹಳೇ ಮನೆಯಲ್ಲಿ ಪಿಂಗಾಣಿಯ ಫ್ಯೂಸು ಇತ್ತು. ಹೋದರೆ ಒಂದೆಳೆ ತಂತಿ ಸುತ್ತಿ ಸಿಕ್ಕಿಸಿದರೆ ಮುಗಿಯಿತು. ಹೊಸ ಮನೆಗೆ ಗೋಡೆಯೊಳಗೆ ಕೂರುವ ಡಬ್ಬಿ ಬಂತು. ಅದರಲ್ಲಿ ಸಾಲಾಗಿ ಸಣ್ಣ ಸಣ್ಣ ಸ್ವಿಚ್ಚುಗಳು, ಅವುಗಳ ಪಕ್ಕಕ್ಕೆ ದಪ್ಪನೆಯದೊಂದು. ಆ ದಪ್ಪನೆಯದನ್ನೇ ನಮ್ಮ ಮನೆಯಲ್ಲಿ ಟ್ರಿಪ್ಪರ್ ಅನ್ನುವುದು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಒಮ್ಮೆ, ಸಂಜೆ ಹಾಲು ಕರೆಯುವ ಹೊತ್ತಿಗೆ ಒಮ್ಮೆ, ಅದು ಟಪ್ ಅಂತ ಬೀಳುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನಾನು ಮಿಕ್ಸಿ ಹಾಕಿರುತ್ತಿದ್ದೆ, ಇಲ್ಲವೇ ವಾಷಿಂಗ್ ಮಷಿನ್ನು ತಿರುಗುತ್ತಿರುತ್ತಿತ್ತು. ಬೆಳ್ಳಂಬೆಳಿಗ್ಗೆ ಮನೆಯ ಸೊಸೆ ಇನ್ನೇನು ಮಾಡುತ್ತಾಳೆ, ವೀಣೆ ನುಡಿಸುತ್ತಾಳೆಯೇ?

"ಪ್ಯಾಟೆ ಸಾಮಾನೆಲ್ಲ ತಂದು ತುಂಬ್ಕಂಡವ್ಳೆ ಕಣ್ಲಾ. ಕರೆಂಟು ತಡೀಬೇಕಲ್ಲ?" ಎಂದು ಮಾವ ನನ್ನ ಗಂಡನಿಗೆ ದೂರು ಹೇಳುತ್ತಿದ್ದರು. ನನ್ನ ಗಂಡ ಸುದರ್ಶನ್ ಹಾಸನದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಸೂಪರ್‌ವೈಸರ್. ದಿನಾ ಬಸ್ಸಿನಲ್ಲಿ ಹೋಗಿ ಬರುವ ಮನುಷ್ಯ. ಅವರ ಬಾಯಲ್ಲಿ ಇರುವುದು ಒಂದೇ ಮಾತು: "ನೋಡಣ ಬಿಡು." ಅಪ್ಪನಿಗೂ ಅದೇ, ನನಗೂ ಅದೇ. ನಮ್ಮ ಮಗಳು ಧನ್ಯಾ ಚಂದ್ರ ಬೇಕು ಅಂತ ರಚ್ಚೆ ಹಿಡಿದಾಗಲೂ ಅದನ್ನೇ ಹೇಳಿದ್ದರು. ಮಗು ನಂಬಿತು. ನನಗೆ ಮದುವೆಯಾದ ಹೊಸತರಲ್ಲಿ ಇದ್ದ ನಂಬಿಕೆಯೂ ಈಗ ಇಲ್ಲ.

ಟ್ರಿಪ್ಪರ್ ಬಿದ್ದರೆ ಎತ್ತುವುದಕ್ಕೆ ನಮ್ಮ ಮನೆಯಲ್ಲಿ ಒಂದು ಪೂಜೆಯಷ್ಟು ಕ್ರಮ ಇತ್ತು. ಮನೆಯ ಒಂದೊಂದು ಸ್ವಿಚ್ಚನ್ನೂ ಆರಿಸಬೇಕು, ಪ್ಲಗ್ಗುಗಳನ್ನೆಲ್ಲ ಕೀಳಬೇಕು, ಆಮೇಲೆ ಮಾವ ಬಂದು ಎತ್ತಬೇಕು. ಎತ್ತಿದಾಗ ನಿಲ್ಲುತ್ತಿತ್ತು. "ನೋಡ್ದಾ, ಮಿಕ್ಸಿ ಕಿತ್ತಾಕಿದ್ಕೆ ನಿಂತ್ಕಂತು," ಅನ್ನುವರು. ಅಲ್ಲ, ಕಿತ್ತಿದ್ದು ಬರೀ ಮಿಕ್ಸಿಯೇ? ಮನೆಯನ್ನೇ ಆರಿಸಿ ಕೂರಿಸಿದ್ದೆವಲ್ಲ! ಒಂದು ದಿನ ಅವರು ಟ್ರಿಪ್ಪರಿನ ಕಿವಿಯನ್ನು ಮೇಲಕ್ಕೆತ್ತಿ, ಹೂಕಟ್ಟುವ ದಾರದಲ್ಲಿ ಬಿಗಿದು ಮೊಳೆಗೆ ಕಟ್ಟಿಬಿಟ್ಟರು, ಇನ್ನು ಹೇಗೆ ಬೀಳುತ್ತೋ ನೋಡೋಣ ಅಂತ. ಸಂಜೆ ಕಿವಿ ಮೇಲೇ ಇತ್ತು, ಕರೆಂಟು ಮಾತ್ರ ಹೋಗಿತ್ತು. ಒಳಗಿನಿಂದಲೇ ಬಿದ್ದುಕೊಂಡಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅದಕ್ಕೂ ಬೈಸಿಕೊಂಡೆ.

"ಮಾವ, ಕೊಟ್ಟಿಗೆ ಬಲ್ಬನ್ನೂ ಒಂದ್ಸಲ ನೋಡಿ. ನೀವು ಅದರ ಸ್ವಿಚ್ ಹಾಕೋದೂ ಅದೇ ಹೊತ್ತಿಗಲ್ವಾ?" ಎಂದು ಒಮ್ಮೆ ಕೇಳಿದ್ದೆ. ಕೇಳಬಾರದಿತ್ತು.

"ಇಪ್ಪತ್ತು ವರ್ಸದ ಬಲ್ಬು ಕಣಮ್ಮ ಅದು! ನೀನು ಅರಕಲಗೂಡಲ್ಲಿ ಇಸ್ಕೂಲಿಗೆ ಓಯ್ತಿದ್ದಾಗ್ಲಿಂದ ಉರೀತಾ ಐತೆ. ಅದ್ಕೆ ಅಂಟಿಸ್ಬ್ಯಾಡ ನಿನ್ ಮಿಕ್ಸಿ ರೋಗಾನ."

ಆ ಬಲ್ಬು ಅಂದರೆ ಮಾವನಿಗೆ ಎಲ್ಲಿಲ್ಲದ ಹೆಮ್ಮೆ. ಹಿಂದೆ ಊರಿಗೆ ಸಂಜೆಯ ಹೊತ್ತು ನೆಟ್ಟಗೆ ಕರೆಂಟು ಬರುತ್ತಿರಲಿಲ್ಲವಂತೆ. ಆಗ ಕಂಬದ ಕಡೆಯಿಂದ ಒಂದೇ ತಂತಿ ತಂದು, ಬಲ್ಬಿನ ಇನ್ನೊಂದು ತುದಿಯನ್ನು ಮಣ್ಣಿಗೆ ಕೊಟ್ಟು, ಅರ್ಧ ಊರಿಗೆ ಬೆಳಕು ಮಾಡಿದವರು ನಮ್ಮ ಮಾವ. ಅದನ್ನು ಎಲ್ಲರೂ ಅರ್ತ್ ಕೊಡುವುದು ಅನ್ನುತ್ತಾರೆ. ನೂರು ಕ್ಯಾಂಡಲಿನ ಹಳದಿ ಬುರುಡೆಯೇ ಆಗಬೇಕು, ಹೊಸ ಎಲ್‌ಇಡಿ ಬಲ್ಬು ಅಂದರೆ ಮೂಗು ಮುರಿಯುತ್ತಾರೆ. ಬೆಳಕು ಮಂಕಾಗಬಾರದೆಂದು ಆಗಾಗ, ಚುಕ್ಕಿಯನ್ನು ಕಟ್ಟುವ ಕಬ್ಬಿಣದ ಪೈಪಿನ ಬುಡಕ್ಕೆ ಒಂದು ಬಿಂದಿಗೆ ನೀರು ಹೊಯ್ಯಬೇಕು. ಹೊಯ್ಯುವವಳು ನಾನು. ಬಲ್ಬಿಗೂ ನೀರಿಗೂ ಏನು ಸಂಬಂಧ ಅಂತ ಕೇಳಿದರೆ, "ಅರ್ತು ಒಣಗ್ತದೆ ಕಣಮ್ಮ, ಏಳ್ದಷ್ಟು ಮಾಡು," ಎನ್ನುತ್ತಿದ್ದರು. ನಾನು ಹೇಳಿದಷ್ಟು ಮಾಡುತ್ತಿದ್ದೆ.

ಚುಕ್ಕಿ ಅಂದರೆ ನನ್ನ ತವರಿನ ಹಸು. ಬಾಣಂತನ ಮುಗಿಸಿ ಧನ್ಯಾಳನ್ನು ಎತ್ತಿಕೊಂಡು ಹೊರಟಾಗ, "ಇದು ನನ್ ಮೊಮ್ಮಗಳ ಹಾಲಿಗೆ," ಎಂದು ನಮ್ಮಪ್ಪ ಅರಕಲಗೂಡಿನಿಂದ ಕರು ಹತ್ತಿಸಿ ಕಳಿಸಿದ್ದರು. ಹಣೆಯ ಮೇಲೆ ಬಿಳೀ ಬೊಟ್ಟು, ಮೈಯೆಲ್ಲ ಕಪ್ಪು. ಮಗಳೂ ಕರುವೂ ಒಟ್ಟಿಗೆ ಬೆಳೆದರು. ಧನ್ಯಾ ಅಂಗನವಾಡಿಗೆ ಹೋಗುವ ಹೊತ್ತಿಗೆ ಚುಕ್ಕಿ ಈದು, ಕೊಟ್ಟಿಗೆಗೆ ಹೊಸದಾಗಿ ಹಾಕಿಸಿದ ಸಿಮೆಂಟ್ ನೆಲದ ಮೇಲೆ, ಹೊಸದಾಗಿ ನೆಟ್ಟ ಕಬ್ಬಿಣದ ಪೈಪಿಗೆ ಕಟ್ಟಿಸಿಕೊಂಡು ನಿಂತಿದ್ದಳು. ಮನೆಯ ಹಳೇ ಹಸು ಗೌರಿ ಆ ತುದಿಯಲ್ಲಿ, ತನ್ನ ಹಳೇ ಮರದ ಕಂಬಕ್ಕೆ. ಹಾಲು ಕರೆಯುವವರು ನಮ್ಮತ್ತೆ ಚಿಕ್ಕಲಕ್ಷ್ಮಮ್ಮ. ಚೊಚ್ಚಲಾದರೂ ಚುಕ್ಕಿ ಮೊದಮೊದಲು ಕಾಲೆತ್ತಿದವಳಲ್ಲ. ಟ್ರಿಪ್ಪರ್ ಬಿದ್ದು ಕತ್ತಲಾಗಿರುತ್ತಿತ್ತಲ್ಲ, ನಾನು ಮೊಬೈಲಿನ ಬೆಳಕು ಹಿಡಿಯುತ್ತಿದ್ದೆ, ಅತ್ತೆ ಕರೆಯುತ್ತಿದ್ದರು. ಅವಳು ಮೆಲುಕು ಹಾಕುತ್ತಾ ನಿಂತಿರುತ್ತಿದ್ದಳು.

ಕೊನೆಗೆ ಮಾವ ಚನ್ನರಾಯಪಟ್ಟಣದಿಂದ ಶಾಂತರಾಜುವನ್ನು ಕರೆಸಿದರು. ಹೊಸ ಮನೆಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಅವನೇ. ಡಬ್ಬಿ ತೆಗೆದು ನೋಡಿ ತಲೆ ಕೆರೆದುಕೊಂಡ.

"ಲೋಡ್ ಜಾಸ್ತಿ ಆದ್ರೆ ಸಣ್ಣವು ಬೀಳ್ಬೇಕು ಗೌಡ್ರೆ. ಅವು ಬೀಳ್ತಿಲ್ಲ. ದೊಡ್ಡದು ಮಾತ್ರ ಬೀಳ್ತಾ ಐತೆ ಅಂದ್ರೆ ಸೋರಿಕೆ. ಒಂದ್ ವೈರಲ್ಲಿ ಓದ ಕರೆಂಟು ಇನ್ನೊಂದ್ ವೈರಲ್ಲಿ ಅಷ್ಟಕ್ಕಷ್ಟೂ ವಾಪಸ್ ಬರ್ಬೇಕು. ಕಮ್ಮಿ ಬಂದ್ರೆ ಇದು ಬೀಳ್ತದೆ. ಎಲ್ಲೋ ಬ್ಯಾರೆ ದಾರೀಲಿ ಓಯ್ತಾ ಐತೆ."

ನನಗೆ ತಟ್ಟನೆ ಹೊಳೆಯಿತು. "ಅಂದ್ರೆ ಡೈರಿಗೆ ಕಳಿಸಿದ ಹಾಲು ಕ್ಯಾನಲ್ಲಿ ಕಮ್ಮಿ ಬಂದ್ರೆ ದಾರೀಲಿ ಚೆಲ್ಲಿದೆ ಅಂತ ಗೊತ್ತಾಗೋ ಹಂಗೆ, ಅಲ್ವಾ? ಹಂಗಾದ್ರೆ ನನ್ ಮಿಕ್ಸಿ ಜಾಸ್ತಿ ಎಳೀತದೆ ಅಂತ ಬೀಳ್ತಿಲ್ಲ."

"ಮಿಕ್ಸಿಲೂ ಸೋರ್ಬೋದು ಅಕ್ಕ. ಗೋಡೆ ಒಳ್ಗೂ ಸೋರ್ಬೋದು," ಎಂದ ಪುಣ್ಯಾತ್ಮ. ಆಮೇಲೆ ಮಾವನ ಕಡೆ ತಿರುಗಿ, "ನಾನ್ ಓದ್ಮೇಲೆ ಹಳೇ ಲೈನ್ ಏನಾದ್ರೂ ಸೇರ್ಸಿದ್ದೀರಾ?" ಎಂದು ಕೇಳಿದ.

"ಯಾವ್ ಲೈನೂ ಇಲ್ಲ ಕಣಪ್ಪ." ಮಾವ ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಲೈನು ಅಂದರೆ ಎರಡು ವೈರು. ಕೊಟ್ಟಿಗೆಯದು ಬರೀ ಬಲ್ಬು.

ಶಾಂತರಾಜು ಗಡಿಯಾರ ನೋಡಿಕೊಂಡ. "ಹುಡುಕ್ತಾ ಕೂತ್ರೆ ಇಡೀ ದಿನ ಬೇಕು. ಹಿರೀಸಾವೆಲಿ ಒಂದ್ ಮನೆಯವ್ರು ಕಾಯ್ತಾ ಅವ್ರೆ. ಇದನ್ನ ಬುಟ್ಟು ಡೈರೆಕ್ಟ್ ಕೊಟ್ಬುಡ್ತೀನಿ."

"ಅದು ಬೀಳೋದು ಏನೋ ಒಂದ್ ಕಾರಣಕ್ಕೆ ತಾನೆ? ಕಾರಣ ಹುಡುಕೋದ್ ಬಿಟ್ಟು ಅದನ್ನೇ ತೆಗೀತೀರಾ?" ಎಂದೆ ನಾನು.

"ಸುಮ್ಕಿರಮ್ಮ, ನಿನ್ ಮಿಕ್ಸಿಗೇ ಒಳ್ಳೇದು," ಎಂದರು ಮಾವ. ಅಷ್ಟೇ, ತೀರ್ಮಾನ ಆಯ್ತು. ಶಾಂತರಾಜು ಎರಡು ವೈರು ಅತ್ತಿಂದಿತ್ತ ಮಾಡಿ, ಕಾಫಿ ಕುಡಿದು, ಬೈಕು ಹತ್ತಿದ. ಅವತ್ತಿನಿಂದ ಕರೆಂಟು ಬೀಳಲಿಲ್ಲ. ಮಾವ ಸಂಜೆ ಕೊಟ್ಟಿಗೆಯ ಸ್ವಿಚ್ಚು ಹಾಕಿ, ಹಳದಿ ಬೆಳಕು ನೋಡಿ ಮೀಸೆ ತೀಡಿಕೊಂಡರು. ನಿಜ ಹೇಳಬೇಕೆಂದರೆ ನಾನೂ ಆ ಸಂಜೆ ನೆಮ್ಮದಿಯಾಗಿ ಚಟ್ನಿ ರುಬ್ಬಿದೆ. ಬೈಗುಳ ತಪ್ಪಿದರೆ ಯಾರಿಗೆ ಬೇಡ?

ಅದಾದ ಮೇಲೆ ಚುಕ್ಕಿ ಒದೆಯಲು ಶುರು ಮಾಡಿದಳು.

ಮೊದಲು ಬಕೆಟ್ಟು ಉರುಳಿತು. ಮಾರನೇ ದಿನ ಅತ್ತೆಯ ಮೊಣಕಾಲಿಗೆ ಪೆಟ್ಟಾಯಿತು. ಆಮೇಲೆ ಕಾಲು ಕಟ್ಟಿದರೂ ಮೈ ಕೊಡವುತ್ತಿದ್ದಳು, ಹಾಲು ಇಳಿಸುತ್ತಿರಲಿಲ್ಲ, ಮುಂದೆ ಇಟ್ಟ ಬೂಸಾ ನೀರಿಗೆ ಮೂತಿ ಇಟ್ಟು ಹಿಂದಕ್ಕೆ ಜಗ್ಗುತ್ತಿದ್ದಳು. ಪಶು ಆಸ್ಪತ್ರೆಯ ಡಾಕ್ಟರು ಬಂದು ಕೆಚ್ಚಲು ಹಿಸುಕಿ ನೋಡಿ, ಬಾವೂ ಇಲ್ಲ ಗಾಯವೂ ಇಲ್ಲ ಎಂದರು. ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು, ಚುಕ್ಕಿ ಮತ್ತೆ ಒದ್ದಳು. ಧನ್ಯಾಳಿಗೆ ಗೌರಿಯ ಹಾಲು ಕೊಟ್ಟರೆ, "ಇದು ಚುಕ್ಕಿದಲ್ಲ," ಎಂದು ಲೋಟ ತಳ್ಳುವಳು. ಅದೆಂಥ ನಾಲಿಗೆಯೋ ಆ ಮಗುವಿಗೆ.

ಇಷ್ಟಾದ ಮೇಲೆ ಮಾವನ ಬಾಯಿಗೆ ಬೀಗ ಎಲ್ಲಿ? "ಅರಕಲಗೂಡು ಅಸು ಅಲ್ವಾ, ಕಾಲು ಉದ್ದ. ನಮ್ ಗೌರಿ ನೋಡು, ಎಂಗ್ ನಿಂತವ್ಳೆ ಬಂಗಾರದಂಗೆ," ಎಂದು ಬಂದವರಿಗೆಲ್ಲ ತೋರಿಸುವರು. ಬಂದವರು ಚುಕ್ಕಿಯನ್ನು ನೋಡಿ, ಆಮೇಲೆ ನನ್ನನ್ನು ನೋಡುವರು. ಮೊದಲು ಮಿಕ್ಸಿಯ ಸೊಸೆ, ಈಗ ಒದೆಯುವ ಹಸುವಿನ ಸೊಸೆ. ನಮ್ಮಪ್ಪ ಫೋನು ಮಾಡಿ, "ಚುಕ್ಕಿ ಎಷ್ಟು ಹಾಲು ಕೊಡ್ತದವ್ವಾ?" ಎಂದು ಕೇಳುತ್ತಿದ್ದರು. ಚೆನ್ನಾಗಿ ಕೊಡ್ತಾಳೆ ಅಪ್ಪಾ ಎಂದು ಹೇಳಿ ಫೋನಿಡುತ್ತಿದ್ದೆ.

ಒಂದು ದಿನ ಮಾವ ಊಟಕ್ಕೆ ಕೂತವರು ತಟ್ಟೆ ನೋಡಿಕೊಂಡೇ ಹೇಳಿದರು. "ದಲ್ಲಾಳಿ ನಂಜಪ್ಪಂಗೆ ಏಳಿದ್ದೀನಿ. ಬುಧ್ವಾರ ಬೆಳಗ್ಗೆ ಆಟೋ ತತ್ತಾನೆ. ಅರಕಲಗೂಡು ಅಸು ಓಗ್ಲಿ."

"ಅದು ಧನ್ಯಾಳ ಹಸು ಮಾವ. ನಮ್ಮಪ್ಪ ಕೊಟ್ಟಿದ್ದು."

"ನಿಮ್ಮತ್ತೆ ಕಾಲ್ ಮುರ್ದ್ರೆ ನಿಮ್ಮಪ್ಪ ಬಂದು ಆಲು ಕರ್ದಾನಾ?"

ನಾನು ಸುದರ್ಶನ್ ಮುಖ ನೋಡಿದೆ. ಅವರು ಸೊಪ್ಪಿನ ಸಾರಿನಲ್ಲಿ ಏನೋ ಹುಡುಕುತ್ತಿದ್ದರು. "ನೋಡಣ ಬಿಡು," ಎಂದರು. ಏನು ನೋಡುವುದು? ಆಟೋ ಹೊರಟಮೇಲೆ ಅದರ ಹಿಂದಿನ ನಂಬರ್ ಪ್ಲೇಟು ನೋಡುವುದೇ? ಅವತ್ತು ನಾನು ಅನ್ನ ಬಡಿಸಿದ ಸದ್ದು ಪಕ್ಕದ ಮನೆಗೂ ಕೇಳಿರಬೇಕು.

ಸೋಮವಾರ ಬೆಳಿಗ್ಗೆ ಊರಿಗೆಲ್ಲ ಕರೆಂಟು ಇರಲಿಲ್ಲ. ಎಲ್ಲೋ ಲೈನ್ ರಿಪೇರಿಯಂತೆ. ನಾನು ಮೊದಲಿನ ಹಾಗೆ ಮೊಬೈಲು ಹಿಡಿದು ನಿಂತೆ, ಅತ್ತೆ ಹೆದರಿಕೊಂಡೇ ಚುಕ್ಕಿಯ ಪಕ್ಕ ಕೂತರು. ಚುಕ್ಕಿ ಕಾಲೆತ್ತಲಿಲ್ಲ. ಬಕೆಟ್ಟು ನೊರೆಯುಕ್ಕಿ ತುಂಬಿತು. "ಓಗೋ ವ್ಯಾಳ್ಯಕ್ಕೆ ಬುದ್ಧಿ ಬಂತೇನೋ ಮುಂಡೇದುಕ್ಕೆ," ಎಂದು ಅತ್ತೆ ಅದರ ಮೈ ಸವರಿದರು. ಸಂಜೆ ಕರೆಂಟು ಬಂತು, ಬಲ್ಬು ಉರಿಯಿತು, ಚುಕ್ಕಿ ಬಕೆಟ್ಟು ಒದ್ದಳು. ನೆಲಕ್ಕೆ ಚೆಲ್ಲಿದ ಹಾಲು ನೋಡುತ್ತಾ ನಿಂತಾಗ ನನಗೆ ಒಂದು ಅನುಮಾನ ಬಂತು. ಬೆಳಕು ಕಂಡರೆ ಹೆದರುತ್ತಾಳೋ ಏನೋ ಎಂದುಕೊಂಡೆ. ಆದರೆ ಹಗಲಿನಲ್ಲಿ ಅಷ್ಟು ಬಿಸಿಲಿನಲ್ಲಿ ಮೇಯುವ ಹಸು ಒಂದು ಬುರುಡೆ ಬಲ್ಬಿಗೆ ಹೆದರುತ್ತದೆಯೇ?

ಮಂಗಳವಾರ ಬೆಳಿಗ್ಗೆ ಬಲ್ಬು ತೀರ ಮಂಕಾಗಿತ್ತು. ಚಳಿಗಾಲ, ಮಳೆಯಿಲ್ಲದೆ ನೆಲ ಒಣಗಿತ್ತು. ಚುಕ್ಕಿ ಅವತ್ತು ಎಂದಿಗಿಂತ ಜಾಸ್ತಿ ಕುಣಿದಳು, ಅತ್ತೆ ಕರೆಯುವುದನ್ನು ಅರ್ಧಕ್ಕೆ ಬಿಟ್ಟರು. ನಾನು ಗೊಣಗಿಕೊಂಡೇ ಬಿಂದಿಗೆ ಎತ್ತಿಕೊಂಡು ಹೋದೆ. ಕೊಟ್ಟಿಗೆಯ ಬಾಗಿಲಲ್ಲಿ ನನ್ನ ಹವಾಯಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಹಾಳಾಗಿ ಹೋಗಲಿ ಎಂದು ಬರಿಗಾಲಲ್ಲೇ ಒಳಗೆ ಹೋಗಿ ನೀರು ಹೊಯ್ಯಲು ಬಗ್ಗುವಾಗ ಆಸರೆಗೆ ಪೈಪು ಹಿಡಿದೆ. ಮೊಣಕೈವರೆಗೂ ಜುಂ ಎಂದಿತು. ಬಿಂದಿಗೆ ಕೈಬಿಟ್ಟು ಹಿಂದಕ್ಕೆ ಹಾರಿದೆ.

"ಅಯ್ಯಯ್ಯಪ್ಪಾ! ಅತ್ತೇ, ಪೈಪ್ ಕರೆಂಟ್ ಹೊಡೀತಿದೆ!"

ಗೌರಿಗೆ ಹುಲ್ಲು ಹಾಕುತ್ತಿದ್ದ ಅತ್ತೆ ತಿರುಗಿಯೂ ನೋಡಲಿಲ್ಲ. "ಕರೆಂಟಲ್ಲ ಕಣಮ್ಮಿ, ನಂಗೂ ಅಂಗೇ ಆಯ್ತದೆ. ಜೋಮು ಅದು. ಸಕ್ರೆ ಕಾಯ್ಲೆ ಇದ್ರೆ ಕೈ ಅಂಗೇ ಜೋಮು ಇಡೀತದಂತೆ, ನಿಮ್ ಮಾವ ಏಳಿದ್ರು. ನೀನೂ ಒಂದ್ಸಲ ತೋರಿಸ್ಕ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೆ ಕೊಟ್ಟಿಗೆಗೆ ಎಂದೂ ಚಪ್ಪಲಿ ಮೆಟ್ಟಿದವರಲ್ಲ. ಹಸು ಇರುವ ಜಾಗ, ಲಕ್ಷ್ಮಿ ಎನ್ನುತ್ತಾರೆ. ಹಾಲು ಕರೆದು ಏಳುವಾಗ ಮೊಣಕಾಲು ನೋವೆಂದು ಆ ಪೈಪನ್ನೇ ಹಿಡಿದು ಏಳುತ್ತಾರೆ. ದಿನಾ ಎರಡು ಹೊತ್ತು! ಮಾವನೋ ದಪ್ಪ ರಬ್ಬರ್ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಅಪ್ಪಣೆ ಕೊಡುವವರು, ಪೈಪಿನ ಹತ್ತಿರಕ್ಕೂ ಸುಳಿಯುವುದಿಲ್ಲ. ನಾನು ಒಳಗೆ ಓಡಿಹೋಗಿ ಸುದರ್ಶನ್ ಇಟ್ಟಿದ್ದ ಟೆಸ್ಟರ್ ತಂದೆ, ಬೇರೆ ಚಪ್ಪಲಿ ಮೆಟ್ಟಿಕೊಂಡು ಅದರ ತುದಿಯನ್ನು ಪೈಪಿಗೆ ಮುಟ್ಟಿಸಿದೆ. ಟೆಸ್ಟರಿನ ಹೊಟ್ಟೆಯೊಳಗೆ ಕೆಂಪು ದೀಪ ಹೊತ್ತಿತು. ಜಗಲಿಗೆ ಹೋಗಿ ಬಲ್ಬಿನ ಸ್ವಿಚ್ಚು ಆರಿಸಿ ಬಂದು ಮತ್ತೆ ಮುಟ್ಟಿಸಿದೆ. ಹೊತ್ತಲಿಲ್ಲ.

ತಲೆಯೆತ್ತಿ ನೋಡಿದೆ. ಮನೆಯಿಂದ ಬಲ್ಬಿಗೆ ಬರುವ ವೈರು ಒಂದೇ. ಬಲ್ಬಿನಿಂದ ಇನ್ನೊಂದು ವೈರು ತೊಲೆಯ ಹಿಂದೆ ಇಳಿದು, ಪೈಪಿನ ಮೇಲ್ತುದಿಗೆ ನಾಕು ಸುತ್ತು ಸುತ್ತಿಕೊಂಡಿದೆ. ಅಂದರೆ ಮಾವನ ಅರ್ತು ಅದೇ. ಹಿಂದೆ ಹಸಿ ಮಣ್ಣಿನಲ್ಲಿ ನೆಟ್ಟ ಕಬ್ಬಿಣದ ಗೂಟಕ್ಕೆ ಸುತ್ತಿದ್ದನ್ನು, ಹೊಸ ಮನೆಯಾದ ಮೇಲೆ ಅಭ್ಯಾಸಬಲದಿಂದ ಸಿಮೆಂಟಿನಲ್ಲಿ ನೆಟ್ಟ ಪೈಪಿಗೆ ಸುತ್ತಿದ್ದಾರೆ. ಮನೆಯ ಬೋರ್ಡಿನಿಂದ ಹೋದ ಕರೆಂಟು ಬಲ್ಬನ್ನು ಉರಿಸಿ, ಬೋರ್ಡಿಗೆ ವಾಪಸ್ ಬರದೆ ಪೈಪಿಗೆ ಬರುತ್ತಿದೆ. ಅಲ್ಲಿಂದ ಮಣ್ಣಿಗೆ ಇಳಿಯಬೇಕು. ಸಿಮೆಂಟು ಒಣಗಿದರೆ ಇಳಿಯುವುದಕ್ಕೆ ತ್ರಾಸ, ಬಲ್ಬು ಮಂಕು. ಆಗ ಪೈಪಿನಲ್ಲೇ ಕೂತ ಕರೆಂಟು ಸರಪಳಿ ಹಿಡಿದು ಚುಕ್ಕಿಗೆ, ಕೈ ಹಿಡಿದು ಅತ್ತೆಗೆ. ಗೌರಿಯ ಕಂಬ ಮರದ್ದು, ಅದಕ್ಕೇ ಅವಳು ಬಂಗಾರ. ಇದನ್ನೇ ಆ ಟ್ರಿಪ್ಪರ್ ದಿನಕ್ಕೆರಡು ಸಲ ಬಿದ್ದು ಬಿದ್ದು ಹೇಳಿತ್ತು! ಹೋದದ್ದು ವಾಪಸ್ ಬರುತ್ತಿಲ್ಲ, ಎಲ್ಲೋ ಚೆಲ್ಲುತ್ತಿದೆ ಎಂದು. ನಾವು ಅದರ ಬಾಯನ್ನೇ ಮುಚ್ಚಿಸಿ ಮೂಲೆಗೆ ಕೂರಿಸಿದೆವು. ನನಗೆ ಮೈಯೆಲ್ಲ ಉರಿದುಹೋಯಿತು.

ಮಾವ ಬೆಳಿಗ್ಗೆಯೇ ನೆಂಟರ ಮನೆಯ ಕಾರ್ಯಕ್ಕೆಂದು ಹೊಳೆನರಸೀಪುರಕ್ಕೆ ಹೋಗಿದ್ದರು. ಸುದರ್ಶನ್‌ಗೆ ಫೋನು ಮಾಡಿದೆ. ಮಷಿನ್ನುಗಳ ಗಲಾಟೆಯಲ್ಲಿ ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ, "ಭಾನುವಾರ ನೋಡಣ ಬಿಡು," ಎಂದರು. ನಾನು ಫೋನನ್ನು ಮಂಚದ ಮೇಲೆ ಎಸೆದೆ. ಅವತ್ತು ಸಂಜೆ ಕೊಟ್ಟಿಗೆಯ ಸ್ವಿಚ್ಚಿನ ಮೇಲೆ ಅಡ್ಡಡ್ಡ ಟೇಪು ಅಂಟಿಸಿ, ಮೊಬೈಲ್ ಬೆಳಕಿನಲ್ಲೇ ಅತ್ತೆಯಿಂದ ಹಾಲು ಕರೆಸಿದೆ. ಮಾವ ಬಂದಮೇಲೆ ಹೇಳಲು ಹೋದರೆ, "ಬಸ್ಸಲ್ಲಿ ನಿಂತು ಬಂದು ಸಾಕಾಗೋಗದೆ, ನಾಳೆ ಏಳು," ಎಂದು ಕಂಬಳಿ ಹೊದ್ದರು. ನಾಳೆ ಬುಧವಾರ.

ಬೆಳಿಗ್ಗೆ ಮಂಜು ಕವಿದಿತ್ತು.  ನಂಜಪ್ಪ ಗೂಡ್ಸ್ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ಧನ್ಯಾ ನನ್ನ ಸೀರೆಯ ನೆರಿಗೆ ಹಿಡಿದು, "ಚುಕ್ಕಿ ಎಲ್ಲಿಗ್ ಹೋಗ್ತಾಳೆ?" ಎಂದು ಕೇಳುತ್ತಲೇ ಇದ್ದಳು. ಸುದರ್ಶನ್ ಫ್ಯಾಕ್ಟರಿಗೆ ಹೊರಟವರು ಊಟದ ಡಬ್ಬಿ ಹಿಡಿದು ಆಟೋ ಪಕ್ಕ ನಿಂತಿದ್ದರು. ನಂಜಪ್ಪ ತನ್ನ ಕಣ್ಣ ಮುಂದೆ ಒಮ್ಮೆ ಹಾಲು ಕರೆದು ತೋರಿಸಿ ಎಂದ. ಹಸು ಕೊಳ್ಳುವವರು ಹಾಗೆಯೇ. ಮಾವ ಸ್ವಿಚ್ಚು ಹಾಕಲು ಹೋಗಿ, "ಇದ್ಯಾರು ಟೇಪು ಅಂಟ್ಸಿದ್ದು?" ಎಂದು ಗುಡುಗಿದರು.

"ನಾನೇ. ಮೊದ್ಲು ಬಲ್ಬಿಲ್ದೆ ಕರೀಲಿ. ಆಮೇಲೆ ನೀವು ಹೇಳಿದಂಗೆ."

ಹೊರಗಿನವನ ಮುಂದೆ ಜಗಳ ಬೇಡವೆಂದೋ ಏನೋ ಮಾವ ಹಲ್ಲು ಕಚ್ಚಿ ಪಕ್ಕಕ್ಕೆ ಸರಿದರು. ಅತ್ತೆ ಕೂತರು. ಚುಕ್ಕಿ ಕಿವಿ ಅಲ್ಲಾಡಿಸಿಕೊಂಡು ನಿಂತಳು, ಹಾಲು ಸೊರ್ ಸೊರ್ ಎಂದು ಬಿತ್ತು. ನಂಜಪ್ಪ ಹುಬ್ಬೇರಿಸಿದ. "ಇದೇನ್ ಗೌಡ್ರೆ? ಒದೀತದೆ ಅಂದ್ರಿ, ಇದು ಮಗೀನಂಗೆ ನಿಂತದಲ್ಲ!"

"ಅತ್ತೆ, ನೀವು ಆ ಕಡೆ ಬನ್ನಿ. ಪೈಪ್ ಹಿಡೀಬೇಡಿ," ಎಂದು ಅವರನ್ನು ಎಬ್ಬಿಸಿ ನಿಲ್ಲಿಸಿ, ಬಕೆಟ್ಟು ತೆಗೆದಿಟ್ಟು, ಟೇಪು ಕಿತ್ತು ಸ್ವಿಚ್ಚು ಹಾಕಿದೆ. ಬುರುಡೆ ಮಂಕಾಗಿ ಹೊತ್ತಿತು. ಚುಕ್ಕಿ ಬೆಚ್ಚಿಬಿದ್ದು ಹಿಂದಕ್ಕೆ ಜಗ್ಗಿ, ಎರಡೂ ಕಾಲು ಝಾಡಿಸಿದಳು. ತಕ್ಷಣ ಆರಿಸಿದೆ. ನಿಂತಳು.

"ಬೆಳಕು ಕಣ್ಗೆ ಒಡೀತದೆ, ಅದ್ಕೆ," ಎಂದರು ಮಾವ. ಸೋಲೊಪ್ಪುವ ಗಂಟಲೇ ಅಲ್ಲ ಅದು.

"ಕಣ್ಣಿಗಲ್ಲ ಮಾವ! ನಿಮ್ ಬಲ್ಬಿನ ವೈರು ಈ ಪೈಪಿಗೆ ಬಂದಿದೆ. ಪೈಪಿಗೆ ಚುಕ್ಕೀನ ಕಟ್ಟಿದ್ದೀವಿ. ಟ್ರಿಪ್ಪರ್ ಬೀಳ್ತಿದ್ದಿದ್ದು ಇದಕ್ಕೇನೆ, ನನ್ ಮಿಕ್ಸಿಗಲ್ಲ!" ನನ್ನ ಧ್ವನಿ ಅಷ್ಟು ಜೋರಾಗಿ ಆ ಮನೆಯಲ್ಲಿ ಎಂದೂ ಎದ್ದಿರಲಿಲ್ಲ. ಮತ್ತೆ ಸ್ವಿಚ್ಚು ಹಾಕಿ, ಕುಣಿಯುವ ಚುಕ್ಕಿಯ ಕಾಲು ತಪ್ಪಿಸಿಕೊಂಡು, ಟೆಸ್ಟರ್ ಮುಟ್ಟಿಸಿ ಕೆಂಪು ದೀಪ ತೋರಿಸಿದೆ.

"ಟೆಸ್ಟರ್ ಕೆಟ್ಟೋಗಿರ್ತದೆ. ಇಪ್ಪತ್ತು ವರ್ಸದಿಂದ ಉರೀತಾ ಐತೆ ನನ್ ಬಲ್ಬು, ಯಾರ್ಗೂ ಏನೂ ಆಗಿಲ್ಲ. ಬಿಡು, ನಾನೇ ಮುಟ್ಟಿ ತೋರ್ಸ್ತೀನಿ," ಎಂದು ಮಾವ ಚಪ್ಪಲಿ ಕಳಚಿ, ಒಳಗೆ ಬಂದು, ಕೈ ಚಾಚಿದರು. ನಾನು ಸ್ವಿಚ್ಚಿನ ಕಡೆ ಓಡಿದೆ.

ನನಗಿಂತ ಮೊದಲು ಅತ್ತೆ ಅವರ ಮಣಿಕಟ್ಟು ಹಿಡಿದುಕೊಂಡರು. "ಬ್ಯಾಡ ಕಣ್ರೀ. ಜುಂ ಅಂತದೆ."

"ನಿಂಗೆಂಗೆ ಗೊತ್ತು?"

"ದಿನಾ ಅಂತದಲ್ಲ ನಂಗೆ. ಏಳುವಾಗ ಇಡ್ಕಂಡ್ರೆ ಕೈಯೆಲ್ಲ ಜೋಮು. ನೀವೇ ಅಂದ್ರಲ್ಲ, ಸಕ್ರೆ ಕಾಯ್ಲೆ ಅಂತ."

ಮಾವ ಚಾಚಿದ ಕೈ ಚಾಚಿದ ಹಾಗೆಯೇ ನಿಂತರು. ಪೈಪು ನೋಡಿದರು, ಬಲ್ಬು ನೋಡಿದರು, ತಮ್ಮ ಮಣಿಕಟ್ಟು ಹಿಡಿದಿದ್ದ ಅತ್ತೆಯ ಕೈ ನೋಡಿದರು. ಆಮೇಲೆ ಸಿಮೆಂಟ್ ನೆಲದ ಮೇಲಿದ್ದ ಅತ್ತೆಯ ಬರಿಗಾಲು ನೋಡಿದರು. ನಾನು ಸ್ವಿಚ್ಚು ಆರಿಸಿದೆ.

"ನಂಜಪ್ಪ, ನೀನ್ ಓಗಪ್ಪ," ಎಂದರು ಮಾವ, ತಿರುಗಿ ನೋಡದೆ. "ಅಸು ಕೊಡಲ್ಲ."

"ಅಲ್ಲಾ ಗೌಡ್ರೆ, ಅಷ್ಟು ದೂರದಿಂದ ಆಟೋ ಮಾಡ್ಕಂಡು..."

"ಓಗು ಅಂದೆ ಕಣ್ಲಾ!"

ನಂಜಪ್ಪ ಗೊಣಗುತ್ತಾ ಆಟೋ ತಿರುಗಿಸಿದ. ಮಾವ ತೊಲೆಯ ವೈರಿಗೆ ಬರಿಗೈ ಹಾಕಿ ಜಗ್ಗಲು ಹೋದರು. ಆರಿಸಿದ ಸ್ವಿಚ್ಚು ಒಂದನ್ನೇ ನಂಬಿ ಯಾರಾದರೂ ವೈರಿಗೆ ಕೈ ಹಾಕುತ್ತಾರೆಯೇ? "ಮಾವ, ಮೇನ್ ಆಫ್ ಮಾಡೋವರ್ಗೂ ಮುಟ್ಬೇಡಿ!" ಎಂದು ನಾನು ಮತ್ತೆ ಕಿರುಚಬೇಕಾಯಿತು. ಈ ಮನುಷ್ಯನನ್ನು ಇಟ್ಟುಕೊಂಡು ಹೇಗೆ ಬಾಳುವುದೋ ದೇವರಿಗೇ ಗೊತ್ತು. ಸುದರ್ಶನ್ ಡಬ್ಬಿ ಕೆಳಗಿಟ್ಟು, ಒಳಗೆ ಓಡಿಹೋಗಿ ಮೇನ್ ಆರಿಸಿದರು. ಅವತ್ತು ಅವರು ನೋಡಣ ಬಿಡು ಅನ್ನಲಿಲ್ಲ, ಫ್ಯಾಕ್ಟರಿಗೂ ಹೋಗಲಿಲ್ಲ. ಮಾವ ವೈರು ಕಿತ್ತು ಸುರುಳಿ ಸುತ್ತಿ ಹೊರಗೆ ಬರುವಾಗ, ತಾವು ಕಳಚಿಟ್ಟ ರಬ್ಬರ್ ಚಪ್ಪಲಿಯನ್ನು ಕಾಲಿನಲ್ಲೇ ಅತ್ತೆಯ ಕಡೆಗೆ ಸರಿಸಿದರು.

"ಇನ್ಮೇಲೆ ಮೆಟ್ಕಂಡೇ ಓಗು. ಲಕ್ಷ್ಮಿ ಏನೂ ಅನ್ಕಳಲ್ಲ."

ಶಾಂತರಾಜುವನ್ನು ಮತ್ತೆ ಕರೆಸಿ, ಟ್ರಿಪ್ಪರನ್ನು ಮೊದಲಿನ ಹಾಗೆ ಸೇರಿಸಿ, ಕೊಟ್ಟಿಗೆಗೆ ಎರಡು ವೈರಿನ ಸರಿಯಾದ ಲೈನು ಎಳೆಸಿದೆವು. ಅವನು ಹೊರಡುವ ತನಕ ನಾನು ಪಕ್ಕದಿಂದ ಕದಲಲಿಲ್ಲ, ಕಾಫಿಯನ್ನೂ ಕೆಲಸ ಮುಗಿದ ಮೇಲೆಯೇ ಕೊಟ್ಟೆ. ಬಲ್ಬು ಉರಿಯಿತು, ಟ್ರಿಪ್ಪರ್ ನಿಂತಿತು, ಚುಕ್ಕಿಯೂ ನಿಂತಳು. ಅತ್ತೆಯ ಕೈ ಜೋಮು ಹೋಯಿತು, ಆಸ್ಪತ್ರೆಯಲ್ಲಿ ತೋರಿಸಿದರೆ ಸಕ್ಕರೆಯೂ ಇಲ್ಲ. ನಮ್ಮಪ್ಪನಿಗೆ ನಾನೇ ಫೋನು ಮಾಡಿ, ಬೇಡಬೇಡವೆಂದರೂ ದಿನಾ ಹಾಲಿನ ಲೆಕ್ಕ ಒಪ್ಪಿಸತೊಡಗಿದೆ. ಮಾವ ನನಗೆ ತಪ್ಪಾಯ್ತು ಅಂದರೇ ಎಂದು ಕೇಳಬೇಡಿ. ಡೈರಿಯ ಮುಂದೆ ನಿಂತು, "ಅರ್ತಿಗೆ ಬಲ್ಬು ಉರಿಸ್ಬಾರ್ದು ಕಣ್ರಲಾ, ನಮ್ಮನೇಲಿ ಕಂಡ್ ಇಡಿದ್ವಿ," ಎಂದು ಊರವರಿಗೆ ಬುದ್ಧಿ ಹೇಳುತ್ತಿದ್ದರಂತೆ. ಕಂಡ್ ಇಡಿದ್ವಿ! ಯಾರು ಯಾರು?

ಮುಂಗಾರು ಶುರುವಾದ ಮೇಲೆ ಒಂದು ಸಂಜೆ, ಜೋರು ಮಳೆ. ಅತ್ತೆ ಕೊಟ್ಟಿಗೆಯಲ್ಲಿದ್ದರು, ನಾನು ಮಿಕ್ಸಿಗೆ ಕಾಯಿ ಹಾಕಿ ಗುಂಡಿ ತಿರುಗಿಸಿದೆ. ಟಪ್ ಎಂದಿತು. ಮನೆಯೆಲ್ಲ ಕತ್ತಲು. ನಾನು ಹಲ್ಲು ಕಚ್ಚಿಕೊಂಡು, ಮಿಕ್ಸಿಯ ಮೇಲೆ ಕೈಯಿಟ್ಟುಕೊಂಡು, ನನ್ನ ಹೆಸರಿಗೆ ಕಾದೆ. ಜಗಲಿಯ ಕುರ್ಚಿ ಕಿರ್ ಎಂದಿತು.

"ಲೇ ಇವ್ಳೇ! ಏನೂ ಮುಟ್ಬ್ಯಾಡ ಕಣೇ! ಅಲ್ಲೇ ನಿಂತ್ಕ, ನಾನ್ ಬತ್ತೀನಿ!"

"ಮುಟ್ಟಿಲ್ಲ ಕಣ್ರೀ," ಎಂದರು ಅತ್ತೆ ಕೊಟ್ಟಿಗೆಯಿಂದ. "ಚಪ್ಪಲಿನೂ ಆಕಿದ್ದೀನಿ."

ಮಾವ ಮಳೆಯಲ್ಲಿ ಬರಿತಲೆಯಲ್ಲೇ ಓಡಿದ ಸದ್ದು ಕೇಳಿಸಿತು. ನಾನು ಮಿಕ್ಸಿಯ ಪ್ಲಗ್ಗು ಕಿತ್ತು, ಮೊಬೈಲಿನ ಬೆಳಕು ಹಿಡಿದುಕೊಂಡು ಅವರ ಹಿಂದೆಯೇ ಹೋದೆ.